ಮೂರನೆಯ ಕಿವಿ

ಅಂದಿನ ಅವಾಂತರಕ್ಕೆಲ್ಲ ಕಾರಣ ಅಂಗೈಯಗಲದ ಒಂದು ಲಕೋಟೆ.

ಬೆಳಿಗ್ಗೆ ಒಂಬತ್ತಕ್ಕೆ ಬಸ್ ನಿಲ್ದಾಣದ ಮ್ಯಾನೇಜರು ಮೂವತ್ತೆರಡು ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ ಘೋಷಣೆಯ ಕ್ಯಾಬಿನ್ನಿಗೆ ಬಂದರು. ಬಂದವರು ಮೊದಲು ಬಾಗಿಲಿಗೆ ಚಿಲಕ ಹಾಕಿದರು. ಯಾರಾದರೂ ಅಡಗಿದ್ದಾರೋ ಎಂದು ಮೇಜಿನ ಕೆಳಗೆ ಬಗ್ಗಿ ನೋಡಲು ಹೋದರು. ಹೊಟ್ಟೆ ಅಡ್ಡ ಬಂದದ್ದರಿಂದ ಆ ಯೋಚನೆ ಕೈಬಿಟ್ಟು, ಜೇಬಿನಿಂದ ಲಕೋಟೆ ತೆಗೆದು ಘೋಷಕ ಎರಡ್ಸಲನ ಕೈಗಿಟ್ಟರು.

"ಇದ್ರಲ್ಲಿರೋದು ಈ ಕಂಪ್ಯೂಟರಿನ ಮಾಸ್ಟರ್ ಪಾಸ್‌ವರ್ಡು. ನೀವು ನೋಡ್ಬೇಕು, ನಾನು ನೋಡ್ಬೇಕು. ಮೂರನೇ ಕಿವಿಗೆ ಬೀಳಬಾರ್ದು."

"ಇಲ್ಲ ಸಾರ್, ಇಲ್ಲ ಸಾರ್."

"ಸಂಜೆ ನಾಲ್ಕಕ್ಕೆ ದೊಡ್ಡ ಸಾಹೇಬ್ರು ಬರ್ತಿದ್ದಾರೆ. ಅಷ್ಟೊತ್ತಿಗೆ ಇದಕ್ಕೊಂದು ರೆಕಾರ್ಡಿಂಗ್ ಸಾಫ್ಟ್‌ವೇರ್ ಹಾಕಿ, ಹನ್ನೆರಡು ರೂಟಿನ ಘೋಷಣೇನೂ ರೆಕಾರ್ಡ್ ಮಾಡಿ, ಟೈಮಿಗೆ ಸರಿಯಾಗಿ ತಾನೇ ಹೇಳೋ ಹಾಗೆ ಮಾಡಿಡಿ. ಯಾವ ಸಾಫ್ಟ್‌ವೇರು, ಎಲ್ಲಿಂದ ಅಂತೆಲ್ಲ ನನ್ನ ಕೇಳ್ಬೇಡಿ. ಒಳ್ಳೇದು ಹಾಕಿ. ಕೆಟ್ಟದ್ದೇನಾದ್ರೂ ಒಳಗೆ ಬಂತೋ..."

ಮ್ಯಾನೇಜರು ಮಾತು ಮುಗಿಸಲಿಲ್ಲ. ಕಿಟಕಿಯಾಚೆ, ವರ್ಕ್‌ಶಾಪಿನ ಹಿಂದಿನ ತಗಡಿನ ಶೆಡ್ಡಿನ ಕಡೆಗೆ ಒಮ್ಮೆ ನೋಡಿದರು, ಅಷ್ಟೆ. ಎರಡ್ಸಲನ ಕೈಕಾಲು ತಣ್ಣಗಾಗಲು ಅಷ್ಟು ಸಾಕಾಯಿತು. ಅದು ಟೈರ್ ಗೋಡೌನು.

ಎರಡ್ಸಲ ಎಂಬುದು ಅವನ ಹೆತ್ತವರಿಟ್ಟ ಹೆಸರಲ್ಲ. ಹದಿನೆಂಟು ವರ್ಷದಿಂದ ಆ ಗಾಜಿನ ಕ್ಯಾಬಿನ್ನಿನಲ್ಲಿ ಕೂತು ಪ್ರತಿ ಬಸ್ಸಿನ ಹೆಸರನ್ನೂ ಎರಡೆರಡು ಸಲ ಕೂಗಿ ಕೂಗಿ, ಆ ಚಟ ನಾಲಿಗೆಗೆ ಅಂಟಿಕೊಂಡಿತ್ತು. ಮನೆಯಲ್ಲಿ ಉಪ್ಪು ಬೇಕಾದರೂ ಎರಡು ಸಲ ಕೇಳುತ್ತಿದ್ದ, ಹೆಂಡತಿ ಒಂದೇ ಸಲ ಕೊಡುತ್ತಿದ್ದಳು. ಇನ್ನೊಂದು ಚಟವೂ ಇತ್ತು. ಕಣ್ಣಿಗೆ ಬಿದ್ದ ಅಕ್ಷರ ಬಾಯಿಂದ ಹೊರಗೆ ಬರದಿದ್ದರೆ ಅವನ ತಲೆಗೆ ಹೋಗುತ್ತಲೇ ಇರಲಿಲ್ಲ. ಪತ್ರಿಕೆಯನ್ನೂ ಗಟ್ಟಿಯಾಗಿಯೇ ಓದಬೇಕು, ಮಾತ್ರೆಯ ಚೀಟಿಯನ್ನೂ ಗಟ್ಟಿಯಾಗಿಯೇ ಓದಬೇಕು. ಮೇಲಾಗಿ ಹುಟ್ಟಾ ಅಂಜುಬುರುಕ. ಮನೆಗೆ ಬೀಗ ಹಾಕಿ ಬೀದಿಯ ತಿರುವಿನವರೆಗೆ ಹೋದವನು ಬೀಗ ಜಗ್ಗಿ ನೋಡಲು ವಾಪಸು ಬರುತ್ತಿದ್ದ. ಮೈಕಿನ ಮೇಲಿನ ಕೆಂಪು ದೀಪ ಆರಿದೆಯೋ ಇಲ್ಲವೋ ಎಂದು ಕಣ್ಣಿನಿಂದ ನೋಡಿದ್ದು ಸಾಲದೆ ಬೆರಳಿಂದ ಮುಟ್ಟಿಯೂ ನೋಡುತ್ತಿದ್ದ.

ಟೈರ್ ಗೋಡೌನಿನ ಹೆದರಿಕೆಗೆ ಕಾರಣವೂ ಇತ್ತು. ಎರಡು ವರ್ಷದ ಹಿಂದೆ ಈ ಕಂಪ್ಯೂಟರಿನ ಕೆಲಸ ಒಬ್ಬ ಗುಮಾಸ್ತರದಾಗಿತ್ತು. ಪರದೆಯ ಮೇಲೆ ಮೀನು ಈಜಾಡಿದರೆ ಚೆಂದವೆಂದು ಅವರು ಎಲ್ಲಿಂದಲೋ ಒಂದು ಮೀನಿನ ಸಾಫ್ಟ್‌ವೇರ್ ಇಳಿಸಿಕೊಂಡರು. ಒಂದು ದಿನ ಮೀನು ಈಜಿತು. ಮರುದಿನ ಕ್ಯಾಬಿನ್ನಿನ ಕಿಟಕಿಯ ಕೆಳಗೆ ತೂಗುಹಾಕಿದ್ದ ದೊಡ್ಡ ವೇಳಾಪಟ್ಟಿಯ ಬೋರ್ಡಿನಲ್ಲಿ ಬಸ್ಸಿನ ಹೆಸರೆಲ್ಲ ಮಾಯವಾಗಿ, ಒಂದು ತಲೆಬುರುಡೆ ಮೂಡಿ ಮೂರು ದಿನ ಹಲ್ಲು ಕಿರಿಯುತ್ತ ನಿಂತಿತು. ನಾಲ್ಕನೆಯ ದಿನ ಗುಮಾಸ್ತರು ಗೋಡೌನಿಗೆ ಹೋದರು. ಈಗ ಅವರನ್ನು ಎಲ್ಲರೂ ಟೈರ್ ಸಾರ್ ಎನ್ನುತ್ತಾರೆ. ಕಿಟಕಿಯಿಲ್ಲದ ತಗಡಿನ ಶೆಡ್ಡು, ಸೂರು ಮುಟ್ಟುವ ರಬ್ಬರಿನ ರಾಶಿ, ಸುಟ್ಟ ವಾಸನೆ. ಅವರ ಹೆಂಡತಿ ಅವರನ್ನು ಹಿತ್ತಿಲಿನಲ್ಲಿ ಎರಡು ಸೋಪು ಹಾಕಿ ತಿಕ್ಕಿಸಿಯೇ ಒಳಗೆ ಬಿಡುತ್ತಾಳಂತೆ.

ಆಮೇಲೆ ಹೆಡ್ಡಾಫೀಸಿನ ಎಂಜಿನಿಯರೊಬ್ಬ ಬಂದು ಎಲ್ಲ ಒರೆಸಿ, ಲಿನಕ್ಸ್ ಎಂಬ ಬೇರೆ ಆಪರೇಟಿಂಗ್ ಸಿಸ್ಟಮ್ ಹಾಕಿ ಹೋಗಿದ್ದ. ಮೈಕಿನಿಂದ ಕಂಪ್ಯೂಟರಿಗೊಂದು ವಯರು ಎಳೆದ. ಘೋಷಣೆಗೆ ಮೊದಲು 'ಟಿಂಗ್ ಟಾಂಗ್' ಎನ್ನಿಸಲು ಕಂಪ್ಯೂಟರಿನಿಂದ ಆಂಪ್ಲಿಫೈಯರಿಗೆ ಇನ್ನೊಂದು ಎಳೆದ. ಹೊರಡುವಾಗ ಎರಡ್ಸಲನ ಹೆಗಲ ಮೇಲೆ ಕೈಯಿಟ್ಟು, "ಇದ್ರೊಳಗೆ ಕಳ್ಳ ಅಷ್ಟು ಸುಲಭಕ್ಕೆ ನುಗ್ಗಲ್ಲ. ಆದ್ರೆ ನೀವೇ ಬಾಗಿಲು ತೆಗ್ದು ಒಳಗೆ ಕರೆದ್ರೆ ಯಾರೂ ಏನೂ ಮಾಡೋಕಾಗಲ್ಲ" ಎಂದಿದ್ದ. ಆ ಮಾತು ಎರಡ್ಸಲನಿಗೆ ಕನಸಿನಲ್ಲೂ ಕೇಳಿಸುತ್ತಿತ್ತು, ಎರಡೆರಡು ಸಲ.

ಹತ್ತು ಗಂಟೆಗೆ ಟಿಕೆಟ್ ಕೌಂಟರಿನಲ್ಲಿ ಕೂರುವ ಅಕ್ಕ ಮೇಲೆ ಬಂದಳು. ಎಲ್ಲರೂ ಅವಳನ್ನು ಕೌಂಟರಕ್ಕ ಎನ್ನುತ್ತಿದ್ದರು. ಮ್ಯಾನೇಜರು ಸ್ವತಃ ಮೆಟ್ಟಿಲು ಹತ್ತಿದ್ದು ಹತ್ತು ವರ್ಷದಲ್ಲಿ ಇದೇ ಮೊದಲಾದ್ದರಿಂದ ಅವಳಿಗೆ ವಿಷಯ ತಿಳಿಯದೆ ಕೌಂಟರಿನಲ್ಲಿ ಕೂರಲಾಗಿರಲಿಲ್ಲ.

"ಅಯ್ಯೋ ಇಷ್ಟೇನಾ? ಹುಡುಕಿ, ಮೊದಲನೇದನ್ನ ಇಳಿಸ್ಕೊಳ್ಳಿ ಅಣ್ಣ. ನಮ್ಮ ಓರಗಿತ್ತಿ ಎಲ್ಲಾ ಹಾಗೇ ಮಾಡೋದು."

"ಅವರ ಕಂಪ್ಯೂಟರ್ ಚೆನ್ನಾಗಿದ್ಯಾ? ಚೆನ್ನಾಗಿದ್ಯಾ?"

"ಈಗ ರಿಪೇರಿಗೆ ಹೋಗಿದೆ. ಅದು ಬೇರೆ ವಿಷಯ."

ಎರಡ್ಸಲ ಬೇಡವೆನ್ನುವಷ್ಟರಲ್ಲಿ ಕೌಂಟರಕ್ಕ ಕೀಲಿಮಣೆ ತನ್ನತ್ತ ಎಳೆದುಕೊಂಡಾಗಿತ್ತು. ಪರದೆಯ ಮೇಲೆ ಒಂದು ಪುಟ ತೆರೆಯಿತು. ಅದರಲ್ಲಿ 'ಇಳಿಸಿಕೊಳ್ಳಿ' ಎಂಬ ಹಸಿರು ಗುಂಡಿಗಳು ಒಂದಲ್ಲ, ಐದಿದ್ದವು. ಯಾವುದು ಅಸಲಿ, ಯಾವುದು ಬಲೆ ಎಂದು ಎರಡ್ಸಲ ಬೆವರುತ್ತಿರುವಾಗಲೇ ಅವಳು ಎಲ್ಲಕ್ಕಿಂತ ದೊಡ್ಡದನ್ನು ಒತ್ತಿಬಿಟ್ಟಳು. ಒಂದು ಫೈಲು ಬಂದು ಬಿತ್ತು. ಕೇಳಿದ್ದು ರೆಕಾರ್ಡಿಂಗ್ ಸಾಫ್ಟ್‌ವೇರು. ಬಂದದ್ದರ ಹೆಸರಿನಲ್ಲಿ ರೆಕಾರ್ಡಿಂಗಿನ ಸುಳಿವೇ ಇಲ್ಲ, ಬರೀ ಅಂಕಿಗಳು. ಜೊತೆಗೇ ಮೂಲೆಯಲ್ಲೊಂದು ಪೆಟ್ಟಿಗೆ ಮೂಡಿ, ನಿಮ್ಮ ಕಂಪ್ಯೂಟರಿನಲ್ಲಿ ಹದಿನೇಳು ರೋಗಗಳಿವೆ ಎಂದು ಮಿಣುಕತೊಡಗಿತು.

"ಹದಿನೇಳು! ಹದಿನೇಳು!" ಎರಡ್ಸಲ ಕುರ್ಚಿಯಿಂದ ಎದ್ದೇಬಿಟ್ಟ.

"ಸುಮ್ನೆ ಹೆದರಿಸೋಕೆ ಹಾಕಿರ್ತಾರೆ ಅಣ್ಣ. ತೆಗೀರಿ ಆ ಫೈಲು, ನೋಡೇಬಿಡೋಣ."

ಅವನು ತೆರೆಯಲಿಲ್ಲ. ಪುಟ ಮುಚ್ಚಿದ, ಫೈಲನ್ನು ಕಸದ ಬುಟ್ಟಿಗೆ ಹಾಕಿದ, ಬುಟ್ಟಿ ಖಾಲಿ ಮಾಡಿದ, ಖಾಲಿಯಾದ ಬುಟ್ಟಿಯನ್ನು ಇನ್ನೊಮ್ಮೆ ಖಾಲಿ ಮಾಡಲು ನೋಡಿದ. ಆಮೇಲೆ ಕೆಳಗೆ ಹೋಗಿ ಕೈ ತೊಳೆದುಕೊಂಡು ಬಂದ. ಕೌಂಟರಕ್ಕ ಮುಖ ಊದಿಸಿಕೊಂಡು ಇಳಿದುಹೋದಳು.

ಅವಳು ಕೆಳಗೆ ಹೇಳಿದ್ದಕ್ಕೋ ಏನೋ, ಐದೇ ನಿಮಿಷದಲ್ಲಿ ಬಸ್ಸುಗಳ ಕಂಟ್ರೋಲರು ಹಾಜರಾದ. ಕುತ್ತಿಗೆಯಲ್ಲಿ ಸೀಟಿ, ಕಂಕುಳಲ್ಲಿ ಲಾಗ್‌ಬುಕ್ಕು, ಮುಖದ ಮೇಲೆ ಜಗತ್ತಿನ ಸರ್ವ ಸಂಗತಿಯನ್ನೂ ಬಲ್ಲ ಕಳೆ.

"ಲಿನಕ್ಸಾ? ಇದಕ್ಕೆಲ್ಲ ಒಂದೇ ಸಾಲು ಸಾಕು ರೀ. ಕಮಾಂಡ್ ಹೊಡೆಯೋ ಕರಿ ಪರದೆ ತೆಗೀರಿ, ಇದನ್ನ ಅಂಟಿಸಿ, ಎಂಟರ್ ಒತ್ತಿ. ಮುಗೀತು."

ಅವನು ಫೋನಿನಲ್ಲಿ ಹುಡುಕಿದ್ದ ಆ ಸಾಲನ್ನು ಎರಡ್ಸಲ ತನ್ನ ಸಹಜ ಧಾಟಿಯಲ್ಲೇ ಬಾಯಿಬಿಟ್ಟು ಓದಿ, ತಿಳಿದಷ್ಟು ಅರ್ಥ ಮಾಡಿಕೊಂಡ. "ಈ ವಿಳಾಸದಿಂದ ತರಿಸು... ತಂದದ್ದನ್ನು ಮಾಸ್ಟರ್ ಅಧಿಕಾರದಲ್ಲಿ ಕೂಡಲೇ ನಡೆಸು. ಅಲ್ಲ ಕಂಟ್ರೋಲರೇ, ಏನು ತಂದ ಅಂತ ನಡುವೆ ಒಂದ್ಸಲ ನೋಡೋದೇ ಇಲ್ವಾ?"

"ನೋಡಿದ್ರೆ ನಿಮ್ಗೆ ಅರ್ಥ ಆಗುತ್ತಾ?"

"ಇಲ್ಲ."

"ಮತ್ತೆ?"

ಎರಡ್ಸಲ ಆ ಸಾಲನ್ನು ಇನ್ನೊಮ್ಮೆ ಓದಿದ. "ಇದನ್ನ ಬರ್ದವರು ಯಾರು?"

"ಯಾರೋ ಒಬ್ಬ. ಕೆಳಗೆ ನಲವತ್ತು ಜನ ಕೆಲಸ ಆಯ್ತು, ಥ್ಯಾಂಕ್ಸ್ ಅಂತ ಬರ್ದಿದ್ದಾರೆ ನೋಡಿ."

"ಕೆಲಸ ಆಗದೇ ಇರೋರು ಏನು ಬರ್ದಿದ್ದಾರೆ?"

"ಕಂಪ್ಯೂಟರೇ ಕೆಟ್ಟೋಗಿರುತ್ತೆ, ಅವರು ಹೇಗ್ರೀ ಬರೀತಾರೆ?"

ಅಂದಮೇಲೆ ತಾನು ಏನಂದೆನೆಂದು ಕಂಟ್ರೋಲರಿಗೇ ಒಂದು ಕ್ಷಣ ಅನುಮಾನವಾಯಿತು. ಆದರೆ ಹಿಂದೆ ಸರಿಯುವ ಜಾಯಮಾನ ಅವನದಲ್ಲ. ಮೇಜಿನ ಮೇಲೆ ಬಗ್ಗಿ ಸಾಲನ್ನು ತಾನೇ ಹೊಡೆದು, ಎಂಟರ್ ಒತ್ತಿಯೇಬಿಟ್ಟ. ಕರಿ ಪರದೆ ಮಾಸ್ಟರ್ ಪಾಸ್‌ವರ್ಡ್ ಕೇಳುತ್ತ ನಿಂತಿತು.

"ಹೇಳಿ ಪಾಸ್‌ವರ್ಡು."

"ಹೇಳಲ್ಲ. ಹೇಳಲ್ಲ."

"ರೀ, ಅದು ಕಾಯ್ತಾ ಇದೆ ರೀ!"

ಎರಡ್ಸಲ ಲಕೋಟೆಯನ್ನು ಬನಿಯನ್ನಿನೊಳಗೆ ತುರುಕಿ ಎರಡೂ ಕೈಯಿಂದ ಎದೆ ಹಿಡಿದುಕೊಂಡ. ಕಂಟ್ರೋಲರು ಸಿಕ್ಕಸಿಕ್ಕ ಗುಂಡಿ ಒತ್ತಿದ. ಎರಡ್ಸಲ ಬಗ್ಗಿ ಕೀಲಿಮಣೆಯ ವಯರನ್ನೇ ಕಿತ್ತುಹಾಕಿದ. ಈ ಜಟಾಪಟಿಯಲ್ಲಿ ಇಪ್ಪತ್ತು ನಿಮಿಷ ಕಳೆದದ್ದು ಇಬ್ಬರಿಗೂ ಗೊತ್ತಾಗಲಿಲ್ಲ. ಘೋಷಿಸಬೇಕಾದವನೂ ಸೀಟಿ ಊದಬೇಕಾದವನೂ ಮೇಲೆಯೇ ಇದ್ದರು. ಕೆಳಗೆ ಬಂದರಿಗೆ ಹೋಗುವ ಬಸ್ಸು ಯಾರಿಗೂ ಹೇಳದೆ ಕೇಳದೆ, ಕಂಡಕ್ಟರನನ್ನೂ ನಿದ್ದೆ ಹೋಗಿದ್ದ ಒಬ್ಬ ಮುದುಕರನ್ನೂ ಕೂರಿಸಿಕೊಂಡು ಹೊರಟುಹೋಯಿತು. ಹೋಗಬೇಕಾಗಿದ್ದ ಮೂವತ್ತು ಜನ ಕೌಂಟರಿಗೆ ಮುತ್ತಿಗೆ ಹಾಕಿದ್ದರು, ಆ ಮುದುಕರು ಬೆಟ್ಟದೂರಿಗೆ ಹೋಗಬೇಕಾಗಿತ್ತಂತೆ.

ಗದ್ದಲ ಕೇಳಿ ವರ್ಕ್‌ಶಾಪಿನ ಮೇಸ್ತ್ರಿ ಮೇಲೆ ಬಂದರು. ನಿವೃತ್ತಿಗೆ ಆರು ತಿಂಗಳಿದ್ದ ಹಿರಿಯರು, ಕಿವಿಯ ಸಂದಿನಲ್ಲಿ ಸದಾ ಪೆನ್ಸಿಲು. ಎಲ್ಲ ಕೇಳಿಸಿಕೊಂಡು, ಗ್ರೀಸು ಮೆತ್ತಿದ ಬೆರಳಿಂದ ಏನನ್ನೂ ಮುಟ್ಟದೆ ನಿಂತರು.

"ಅಲ್ಲಪ್ಪಾ, ಬ್ರೇಕಿನ ಸಾಮಾನು ಬೇಕಾದ್ರೆ ನಾವು ಏನು ಮಾಡ್ತೀವಿ? ರಸ್ತೇಲಿ ಹೋಗೋನು ಕೈಗೆ ಕೊಟ್ರೆ ಹಾಕ್ತೀವಾ? ಕಂಪನಿ ಸ್ಟೋರಿಗೆ ಹೋಗ್ತೀವಿ. ಅಲ್ಲಿ ಒಬ್ಬ ಪರೀಕ್ಷೆ ಮಾಡಿರ್ತಾನೆ, ಮುದ್ರೆ ಒತ್ತಿರ್ತಾನೆ, ನಾಳೆ ಕೆಟ್ರೆ ಬದಲಿ ಕೊಡ್ತಾನೆ. ಈ ಯಂತ್ರಕ್ಕೂ ಅಂಥದ್ದೊಂದು ಸ್ಟೋರ್ ಇರ್ಲೇಬೇಕಲ್ಲ?"

ಇತ್ತು. ಪರದೆಯ ಮೂಲೆಯಲ್ಲಿ ಕೈಚೀಲದ ಚಿತ್ರವೊಂದು ಎರಡು ವರ್ಷದಿಂದ ಕೂತೇ ಇತ್ತು. ಒತ್ತಿದರೆ ಮನೆಗೆ ಏನಾದರೂ ಪಾರ್ಸಲ್ ಬಂದುಬಿಟ್ಟೀತು ಎಂಬ ಹೆದರಿಕೆಗೆ ಎರಡ್ಸಲ ಅದರ ತಂಟೆಗೆ ಹೋಗಿರಲಿಲ್ಲ. ಈಗ ಕೀಲಿಮಣೆ ಸಿಕ್ಕಿಸಿ, ಕಂಟ್ರೋಲರು ತೆರೆದಿದ್ದ ಕರಿ ಪರದೆಯನ್ನು ಮುಚ್ಚಿ, ಮೇಸ್ತ್ರಿಯ ಮುಖ ನೋಡುತ್ತ ಕೈಚೀಲ ಒತ್ತಿದ. ಸಾಲುಸಾಲಾಗಿ ಸಾಫ್ಟ್‌ವೇರುಗಳು ಕಾಣಿಸಿಕೊಂಡವು. ರೆಕಾರ್ಡಿಂಗಿನದು ಎಂದು ಹುಡುಕಿದರೆ ಒಂದೇ ಹೆಸರಿನವು ಎರಡು ಬಂದವು. ಒಂದರ ಕೆಳಗೆ ಈ ಲಿನಕ್ಸಿನವರೇ ಪರೀಕ್ಷಿಸಿ ಕೊಟ್ಟದ್ದೆಂಬ ಗುರುತು. ಇನ್ನೊಂದು ಯಾರೋ ಹೊರಗಿನವರು ತಂದಿಟ್ಟದ್ದು, ಆದರೆ ಹೊಸದು.

"ಹೊಸದು ಹಾಕ್ರೀ, ಹೊಸದು," ಎಂದ ಕಂಟ್ರೋಲರು. ಅವನು ಇನ್ನೂ ಹೋಗಿರಲಿಲ್ಲ.

"ನಿಂಗೆ ಹೊಸದು ಬೇಕೋ, ದಾರೀಲಿ ಕೆಟ್ಟು ನಿಲ್ಲದೇ ಇರೋದು ಬೇಕೋ?" ಮೇಸ್ತ್ರಿ ಕೇಳಿದರು. "ಗುರುತು ಇರೋದು ಹಾಕಪ್ಪ."

ಗುರುತು ಇರುವುದನ್ನೇ ಒತ್ತಿದ. ಪಾಸ್‌ವರ್ಡ್ ಕೇಳಿತು. ಎರಡ್ಸಲ ಕಂಟ್ರೋಲರನ್ನು ಹೊರಗೆ ಕಳಿಸಿ ಚಿಲಕ ಹಾಕಿದ, ಕಿಟಕಿಯ ಪರದೆ ಎಳೆದ, ಮೇಸ್ತ್ರಿಯನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದ, ಬನಿಯನ್ನಿನಿಂದ ಬೆವರಿಗೆ ಒದ್ದೆಯಾದ ಲಕೋಟೆ ತೆಗೆದ. ಒಂದೊಂದೇ ಅಕ್ಷರ ಒತ್ತಿದ.

"ಪಾಸ್‌ವರ್ಡನ್ನ ಬಾಯಲ್ಲಿ ಹೇಳ್ತಿದ್ದೀಯಲ್ಲೋ ಮಾರಾಯ!" ಮೇಸ್ತ್ರಿ ಗೋಡೆಯ ಕಡೆಗೆ ತಿರುಗಿಯೇ ಕೂಗಿದರು. "ನಂಗೆಲ್ಲಾ ಕೇಳಿಸ್ತು. ಎರಡೆರಡು ಸಲ ಕೇಳಿಸ್ತು."

ಎರಡ್ಸಲನ ಮುಖ ಬಿಳಿಚಿಕೊಂಡಿತು. ಮೂರನೇ ಕಿವಿ! "ಮೇಸ್ತ್ರೀ, ನಿಮ್ಮ ದಮ್ಮಯ್ಯ ಅಂತೀನಿ, ಮರ್ತುಬಿಡಿ, ಮರ್ತುಬಿಡಿ."

"ನಾನೇನೋ ಮರೀತೀನಿ. ಆದ್ರೆ ಬೀಗದ ಕೈ ಬೇರೆಯೋರ ಕೈ ಸೇರಿದ್ರೆ ಬೀಗಾನೇ ಬದಲಾಯಿಸ್ಬೇಕು. ಕೆಲ್ಸ ಎಲ್ಲಾ ಆದ್ಮೇಲೆ ಪಾಸ್‌ವರ್ಡ್ ಬದಲಾಯಿಸಿಬಿಡು. ನೀನೊಬ್ಬನೇ ಇದ್ದಾಗ."

ಪರದೆಯ ಮೇಲೆ ನೀಲಿ ಪಟ್ಟಿ ತೆವಳಿತು. ತೊಂಬತ್ತೊಂಬತ್ತರಲ್ಲಿ ಬಂದು ನಿಂತಾಗ ಎರಡ್ಸಲನ ಉಸಿರೂ ನಿಂತಿತು. ನೂರಾದ ಮೇಲೆ ಎರಡೂ ಮುಂದುವರಿದವು. ಸಾಫ್ಟ್‌ವೇರು ಸದ್ದಿಲ್ಲದೆ, ರೋಗವಿಲ್ಲದೆ, ಮೀನಿಲ್ಲದೆ ಬಂದು ಕೂತಿತ್ತು. ಮೇಸ್ತ್ರಿ ಅವನ ಬೆನ್ನು ತಟ್ಟಿ, ಅಂಗಿಯ ಮೇಲೆ ಐದು ಬೆರಳಿನ ಗ್ರೀಸ್ ಗುರುತು ಬಿಟ್ಟು ಹೋದರು.

ಮಧ್ಯಾಹ್ನವೆಲ್ಲ ಬಸ್ಸುಗಳ ನಡುವಿನ ಬಿಡುವಿನಲ್ಲಿ ಅವನು ರೆಕಾರ್ಡ್ ಮಾಡಿದ. ಬಂದರು, ಬೆಟ್ಟದೂರು, ಹಳೇ ಸೇತುವೆ, ಹನ್ನೆರಡು ರೂಟು, ಒಂದೊಂದೂ ಎರಡೆರಡು ಸಲ. ಹದಿನೆಂಟು ವರ್ಷದ ಅನುಭವವೆಲ್ಲ ದನಿಯಲ್ಲಿ ಬಂದು ನಿಂತಿತು. ಒಂದೊಂದಕ್ಕೂ ಹೊತ್ತು ಗೊತ್ತುಮಾಡಿದ. ಪರದೆಯ ಮೇಲೆ ದನಿಯ ಹಸಿರು ಅಲೆಗಳೇನೋ ಮೂಡಿದ್ದವು, ಆದರೆ ಕಿವಿಯಿಂದ ಕೇಳದೆ ಅವನಿಗೆ ನಂಬಿಕೆ ಹೇಗೆ ಬರಬೇಕು? ಸೆಟ್ಟಿಂಗು ತೆರೆದು ಹುಡುಕಿದಾಗ 'ದನಿಯನ್ನು ಆಗಿಂದಾಗಲೇ ಕೇಳಿಸು' ಎಂಬ ಒಂದು ಚೌಕ ಕಂಡಿತು. ಅದಕ್ಕೆ ಗುರುತು ಹಾಕಿ, "ಹಲೋ, ಹಲೋ" ಎಂದ. ಏನೂ ಕೇಳಿಸಲಿಲ್ಲ. ಕೆಲಸಕ್ಕೆ ಬಾರದ ಚೌಕವೆಂದುಕೊಂಡು ಅದರ ಪಾಡಿಗೆ ಅದನ್ನು ಬಿಟ್ಟ. ಮೈಕಿನ ಕೆಂಪು ದೀಪ ಆರಿದೆಯೆಂದು ನೋಡಿದ, ಮುಟ್ಟಿಯೂ ನೋಡಿದ. ಆರಿತ್ತು. ಮೂರೂಮುಕ್ಕಾಲು.

ಆಗ ಹೆಂಡತಿಯ ಫೋನು ಬಂತು. ಬೆಳಗಿನಿಂದ ಮೂರು ಸಲ ತಾನೇ ಫೋನು ಮಾಡಿ ಹೆದರಿಸಿದ್ದ, ಪಾಪ, ಅವಳಿಗೂ ಸಮಾಧಾನವಿರಲಿಲ್ಲ.

"ಆಯ್ತು ಕಣೇ, ಎಲ್ಲಾ ಆಯ್ತು. ಇಲ್ಲ ಕಣೇ, ಗೋಡೌನಿಗೆ ಹಾಕಲ್ಲ. ಸ್ಟೋರಿಂದಲೇ ತಂದಿದ್ದೀನಿ, ಗುರುತು ನೋಡಿ ತಂದಿದ್ದೀನಿ. ಯಾರು, ಮ್ಯಾನೇಜರಾ? ಆ ಹಂಡೆಗೆ ತನ್ನ ರೂಮಿನ ಕಂಪ್ಯೂಟರ್ ಆನ್ ಮಾಡೋಕೇ ಬರಲ್ಲ ಕಣೇ! ಸ್ವಿಚ್ಚು ಎಲ್ಲಿ ಅಂತ ದಿನಾ ನನ್ನೇ ಕೇಳ್ತಾರೆ. ಹೂಂ, ದಿನಾ ನನ್ನೇ ಕೇಳ್ತಾರೆ."

ವರ್ಕ್‌ಶಾಪಿನವರು ಮ್ಯಾನೇಜರಿಗೆ ಬೆನ್ನ ಹಿಂದೆ ಇಟ್ಟ ಹೆಸರು ಹಂಡೆ. ಎರಡ್ಸಲನಿಗೆ ಅದನ್ನು ಆಡುವ ಧೈರ್ಯ ಬರುತ್ತಿದ್ದದ್ದು ಹೆಂಡತಿಯ ಮುಂದೆ ಮಾತ್ರ. ಆಡಿ ಹಗುರಾಗಿ, ಫೋನಿಟ್ಟು, ಕಿಟಕಿಯ ಪರದೆ ಸರಿಸಿ ಕೆಳಗೆ ನೋಡಿದ.

ನಿಲ್ದಾಣಕ್ಕೆ ನಿಲ್ದಾಣವೇ ತಲೆ ಎತ್ತಿ ಇವನ ಕಡೆಗೆ ನೋಡುತ್ತಿತ್ತು. ಗಂಟು ಹೊತ್ತವರು ಗಂಟು ಇಳಿಸಿದ್ದರು. ಬಸ್ಸು ಹತ್ತುತ್ತಿದ್ದವರು ಮೆಟ್ಟಿಲ ಮೇಲೆಯೇ ನಿಂತಿದ್ದರು. ಕೌಂಟರಕ್ಕ ಕೌಂಟರು ಬಿಟ್ಟು ಬಂದು ಬಾಯಿಯ ಮೇಲೆ ಕೈಯಿಟ್ಟುಕೊಂಡಿದ್ದಳು. ಕಂಟ್ರೋಲರ ಬಾಯಿಂದ ಸೀಟಿ ಜಾರಿ ಬಿದ್ದಿತ್ತು. ಗಾಜು ದಪ್ಪದ್ದು, ಎರಡು ಪದರದ್ದು; ಹೊರಗಿನ ಒಂದು ಪಿಸುಮಾತೂ ಒಳಗೆ ಬರದು. ಆದರೆ ಅವರು ಏನನ್ನು ನೋಡುತ್ತಿದ್ದಾರೆಂದು ಎರಡ್ಸಲನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಕಿಟಕಿಯ ಕೆಳಗೆ, ಅವನಿಗೆ ಕಾಣದಂತೆ, ಬೋರ್ಡಿತ್ತು.

"ಬುರುಡೆ! ಬುರುಡೆ ಬಂತು! ಅಯ್ಯೋ, ನಾನು ಸತ್ತೆ! ಆ ಕೌಂಟರಕ್ಕನ ಹಸಿರು ಗುಂಡೀಲೇ ಒಳಗೆ ಬಂದಿರ್ಬೇಕು. ಇಲ್ಲ, ಆ ಕಂಟ್ರೋಲರು ಅಂಟಿಸಿದ ಸಾಲು. ಎಲ್ಲಾ ಬಲ್ಲೋರ ಹಾಗೆ ಬರ್ತಾರೆ, ಬರ್ತಾರೆ!"

ಕೆಳಗೆ ಕಂಟ್ರೋಲರು ಕೌಂಟರಕ್ಕನ ಮುಖ ನೋಡಿದ, ಅವಳು ಕಂಟ್ರೋಲರ ಮುಖ ನೋಡಿದಳು. ಅಷ್ಟರಲ್ಲಿ ನಿಲ್ದಾಣದ ಬಾಗಿಲಲ್ಲಿ ಕಾರೊಂದು ನಿಂತು, ಬೂದು ಕೋಟಿನ ದೊಡ್ಡ ಸಾಹೇಬರು ಇಳಿದರು. ಮ್ಯಾನೇಜರು ಅವರ ಮುಂದೆ ಬಗ್ಗಲು ನೋಡುತ್ತಿದ್ದರು.

ಎರಡ್ಸಲನಿಗೆ ಮೇಸ್ತ್ರಿಯ ಮಾತು ನೆನಪಾಯಿತು. ಬೀಗ ಬದಲಾಯಿಸಬೇಕು! ಕಳ್ಳ ಒಳಗಿದ್ದರೂ ಮುಂದಿನ ಕೋಣೆಗಾದರೂ ಹೋಗದಿರಲಿ. ಕ್ಯಾಬಿನ್ನಿನಲ್ಲಿ ತಾನೊಬ್ಬನೇ ಇದ್ದಾನೆಂದು ಸುತ್ತ ನೋಡಿದ, ಮೇಜಿನ ಕೆಳಗೂ ಬಗ್ಗಿ ನೋಡಿದ. ಹೊಸ ಪಾಸ್‌ವರ್ಡು ಯಾವುದಿರಲಿ? ಗಾಬರಿಯಲ್ಲಿ ತನ್ನ ಹುಟ್ಟಿದ ದಿನವೇ ಮರೆತುಹೋಗಿತ್ತು. ಸತ್ತರೂ ಮರೆಯದಂಥದ್ದು ಬೇಕು, ಯಾರೂ ಊಹಿಸದಂಥದ್ದೂ ಆಗಬೇಕು. ಕಿಟಕಿಯ ಕೆಳಗೆ ಮ್ಯಾನೇಜರು ನಡೆದು ಬರುತ್ತಿದ್ದರು, ಗಡಿಯಾರ ನಾಲ್ಕು ತೋರಿಸುತ್ತಿತ್ತು. ಹೊಳೆದೇಬಿಟ್ಟಿತು.

ಬೆರಳು ಓಡಿತು, ಬಾಯಿ ಅದರ ಹಿಂದೆ ಓಡಿತು. ಹೆದರಿಕೆಯಲ್ಲಿ ನಾಲಿಗೆ ತನಗೆ ತಿಳಿದ ಒಂದೇ ಧಾಟಿಯನ್ನು ಹಿಡಿದಿತ್ತು: ಸ್ಪಷ್ಟವಾಗಿ, ನಿಧಾನವಾಗಿ, ಪ್ರತಿ ಅಕ್ಷರಕ್ಕೂ ತೂಕ ಕೊಟ್ಟು.

"ಹಂಡೆ... ಹೊಟ್ಟೆ... ನಾಲ್ಕು. ಎಲ್ಲ ಕೂಡಿಸಿ, ನಡುವೆ ಜಾಗವಿಲ್ಲ."

ಖಚಿತಪಡಿಸಲು ಇನ್ನೊಮ್ಮೆ ಹೊಡೆಯಿರಿ ಎಂದಿತು ಕಂಪ್ಯೂಟರು. ಅದೊಂದು ವಿಷಯದಲ್ಲಿ ಇಬ್ಬರದೂ ಒಂದೇ ಸ್ವಭಾವ.

"ಹಂಡೆ... ಹೊಟ್ಟೆ... ನಾಲ್ಕು."

ಬದಲಾಯಿತು. ಎರಡ್ಸಲ ಮೂವತ್ತೆರಡು ಮೆಟ್ಟಿಲನ್ನು ಹೇಗಿಳಿದನೋ ಅವನಿಗೇ ಗೊತ್ತಿಲ್ಲ. ಪ್ಲಾಟ್‌ಫಾರ್ಮಿಗೆ ಓಡಿ, ಕಣ್ಣು ಮುಚ್ಚಿಕೊಂಡು ಬೋರ್ಡಿನ ಕಡೆ ತಿರುಗಿ, ಮೆಲ್ಲಗೆ ಒಂದು ಕಣ್ಣು ತೆರೆದ.

ಬಂದರು, ನಾಲ್ಕು ಹತ್ತು. ಬೆಟ್ಟದೂರು, ನಾಲ್ಕು ಇಪ್ಪತ್ತೈದು. ಹಳೇ ಸೇತುವೆ, ನಾಲ್ಕೂವರೆ. ಬುರುಡೆಯಿಲ್ಲ, ಏನಿಲ್ಲ. ಹೋದ ಜೀವ ಬಂದಂತಾಗಿ ಅವನಿಗೆ ಅಳುವೇ ಬಂತು. ಉಳಿದೆ, ಉಳಿದೆ ಎಂದುಕೊಂಡ.

ಸುತ್ತ ಯಾಕೋ ಸದ್ದಿರಲಿಲ್ಲ. ಜನ ಅವನಿಗೆ ದಾರಿ ಬಿಟ್ಟು ನಿಂತಿದ್ದರು. ಬೆಂಚಿನ ಮೇಲೆ ಕೂತಿದ್ದ ವಯಸ್ಸಾದವರೊಬ್ಬರು ಕೈಯಲ್ಲಿ ಚೀಟಿ, ಪೆನ್ನು ಹಿಡಿದು ಎದ್ದು ಬಂದರು.

"ಸ್ವಾಮಿ, ನೀವೇ ಅಲ್ವಾ ಮೇಲಿಂದ ಹೇಳಿದ್ದು? ಏನೋ ಮುಖ್ಯವಾದ ಸೂಚನೆ ಅಂತ ಬರ್ಕೊಂಡೆ. ಹಂಡೆಹೊಟ್ಟೆ ಆದ್ಮೇಲೆ ನಾಲ್ಕೋ, ಐದೋ? ಎರಡನೇ ಸಲ ಹೇಳುವಾಗ ಬಸ್ಸು ಹಾರನ್ ಹೊಡೀತು ನೋಡಿ, ಸರಿಯಾಗಿ ಕೇಳಿಸ್ಲಿಲ್ಲ."

ಎರಡ್ಸಲ ಬಾಯಿ ತೆರೆದ. ಹದಿನೆಂಟು ವರ್ಷದಲ್ಲಿ ಮೊದಲ ಬಾರಿ ಅದರಿಂದ ಒಂದು ಮಾತೂ ಬರಲಿಲ್ಲ. 'ದನಿಯನ್ನು ಆಗಿಂದಾಗಲೇ ಕೇಳಿಸು.' ಕೇಳಿಸಿತ್ತು. ಟಿಂಗ್ ಟಾಂಗಿನ ವಯರು ಹಿಡಿದು ಹೋಗಿ, ನಿಲ್ದಾಣದ ಇಪ್ಪತ್ತು ಸ್ಪೀಕರಿನಲ್ಲೂ ಕೇಳಿಸಿತ್ತು. ಕೆಂಪು ದೀಪ ಹಳೆಯ ಸ್ವಿಚ್ಚಿನದು, ಈ ಹೊಸ ದಾರಿ ಅದಕ್ಕೆ ಹೇಗೆ ಗೊತ್ತಾಗಬೇಕು? ಹೆಂಡತಿಯ ಜೊತೆ ಆಡಿದ್ದು, ಕೌಂಟರಕ್ಕನನ್ನು ಅಂದದ್ದು, ಎಲ್ಲ.

ಮೂರನೆಯ ಕಿವಿಯಲ್ಲ, ಲೆಕ್ಕವಿಲ್ಲದಷ್ಟು ಕಿವಿಗಳು ಅವನನ್ನು ಸುತ್ತುವರಿದಿದ್ದವು. ಅವುಗಳಲ್ಲಿ ಎರಡು ದೊಡ್ಡ ಸಾಹೇಬರದು, ಇನ್ನೆರಡು ಕೆಂಪಗೆ ಕಾದಿದ್ದವು, ಮ್ಯಾನೇಜರದು.

ದೊಡ್ಡ ಸಾಹೇಬರು ನೇರ ಕ್ಯಾಬಿನ್ನಿಗೆ ಹತ್ತಿದರು. ಹಿಂದೆ ಎರಡ್ಸಲ, ಅವನ ಹಿಂದೆ ಮ್ಯಾನೇಜರು. ಸಾಹೇಬರಿಗೆ ಕಂಪ್ಯೂಟರ್ ಗೊತ್ತಿತ್ತು. ಚೌಕದ ಗುರುತು ತೆಗೆದು, ಒಳಗೆಲ್ಲ ತಡಕಿ ಕಾಲು ಗಂಟೆ ನೋಡಿದರು. ಎರಡ್ಸಲ ಗೋಡೆಗಂಟಿ ನಿಂತಿದ್ದ. ಹಾಗೆ ನಿಂತಿರುವಾಗಲೇ ನಾಲ್ಕು ಹತ್ತಾಯಿತು. ಕಂಪ್ಯೂಟರು ತಾನಾಗಿಯೇ ಬಂದರಿನ ಘೋಷಣೆಯ ಅಲೆಗಳನ್ನು ಹರಿಸಿತು, ಕೆಳಗೆ ಜನ ಗಂಟು ಎತ್ತಿಕೊಂಡು ಸರಿಯಾದ ಬಸ್ಸಿಗೆ ಸಾಲಾಗಿ ಹತ್ತಿದರು. ಒಬ್ಬರೂ ತಪ್ಪಲಿಲ್ಲ.

"ಇದನ್ನ ಹಾಕಿದ್ದು ನೀವೇನಾ?" ಸಾಹೇಬರು ಕೇಳಿದರು.

"ಹೌದು ಸಾರ್. ಹೌದು ಸಾರ್."

"ನೋಡ್ರೀ ಮ್ಯಾನೇಜರೇ, ನಾನು ಹದಿನಾಲ್ಕು ನಿಲ್ದಾಣ ನೋಡಿ ಬಂದೆ. ಎಲ್ಲಾ ಕಡೆ ಎಲ್ಲೆಲ್ಲಿಂದಲೋ ತಂದು ತುಂಬಿದ್ದಾರೆ. ಇಷ್ಟು ಕ್ರಮವಾಗಿ, ಇಷ್ಟು ಚೊಕ್ಕವಾಗಿ ಹಾಕಿರೋದು ಇಲ್ಲೊಂದೇ. ಐದು ವರ್ಷ ಇದನ್ನ ಯಾರೂ ಮುಟ್ಟಬೇಕಾಗಿಲ್ಲ. ದನಿಯೂ ಅಷ್ಟೇ, ಬಹಳ ಸ್ಪಷ್ಟ. ಅದಂತೂ ಎಲ್ಲರಿಗೂ ಗೊತ್ತಾಯ್ತು."

ಎರಡ್ಸಲನ ಎದೆ ಬೆಳಗಿನಿಂದ ಮೊದಲ ಬಾರಿ ಸಂತೋಷಕ್ಕೆ ಬಡಿದುಕೊಂಡಿತು. ಕ್ಷಮಿಸಿಬಿಟ್ಟರು! ಕೆಲಸ ನೋಡಿ ಕ್ಷಮಿಸಿಬಿಟ್ಟರು!

"ಪಾಸ್‌ವರ್ಡ್ ನಾನೇ ಬದಲಾಯಿಸಿಕೊಂಡು ಹೋಗ್ತೀನಿ," ಎಂದು ಸಾಹೇಬರು ಎದ್ದರು. "ಹನ್ನೆರಡು ರೂಟೂ ಟೈಮಿಗೆ ಸರಿಯಾಗಿ ತಾನೇ ಹೇಳುತ್ತೆ. ಇನ್ನು ಈ ಕ್ಯಾಬಿನ್ನಲ್ಲಿ ಯಾರೂ ಕೂತಿರಬೇಕಾಗಿಲ್ಲ. ಇವರಿಗೆ ಬೇರೆ ಎಲ್ಲಾದ್ರೂ ಕೆಲಸ ಇದೆಯಾ?"

ಮ್ಯಾನೇಜರು ಇಡೀ ದಿನದಲ್ಲಿ ಮೊದಲ ಬಾರಿ ಮುಗುಳ್ನಕ್ಕರು.

"ಇದೆ ಸಾರ್," ಎಂದರು. ಎರಡ್ಸಲನ ಕಡೆ ತಿರುಗಿ ಇನ್ನೊಮ್ಮೆ ಹೇಳಿದರು: "ಇದೆ."

ಐದು ಗಂಟೆಗೆ ಎರಡ್ಸಲ ಊಟದ ಡಬ್ಬಿ ಹಿಡಿದುಕೊಂಡು ತಗಡಿನ ಬಾಗಿಲು ದಾಟಿದ. ಒಳಗೆ ಕತ್ತಲು, ರಬ್ಬರಿನ ವಾಸನೆ ಮೂಗಿಗೆ ರಪ್ಪನೆ ಬಡಿಯಿತು. ಟೈರ್ ಸಾರ್ ಒಂದು ಹಳೆಯ ಟೈರನ್ನು ಉರುಳಿಸಿ ತಂದು, ಅಂಗಿಯ ತುದಿಯಿಂದ ಒರೆಸಿ, ಕೂರಲು ಕೊಟ್ಟರು. ಬಹಳ ದಿನದಿಂದ ಜೊತೆಯಿಲ್ಲದ ಮನುಷ್ಯ.

"ನಿಮ್ದು ಎಲ್ಲಿಂದ ಇಳಿಸ್ಕೊಂಡದ್ದು?" ಅವರು ಮೆಲ್ಲಗೆ ಕೇಳಿದರು.

"ಸ್ಟೋರಿಂದ ಸಾರ್. ಗುರುತು ನೋಡಿ, ಪರೀಕ್ಷೆ ಮಾಡಿದ್ದನ್ನೇ ನೋಡಿ."

"ನಂದು ಎಲ್ಲಿಂದಲೋ. ನೋಡದೇನೇ ಇಳಿಸ್ಕೊಂಡುಬಿಟ್ಟೆ." ಟೈರ್ ಸಾರ್ ಇನ್ನೊಂದು ಟೈರು ಎಳೆದುಕೊಂಡು ಎದುರಿಗೆ ಕೂತರು. "ಆದ್ರೂ ನನ್ನ ಮೀನು ಒಂದು ದಿನ ಈಜಿತು, ಚೆನ್ನಾಗಿತ್ತು."

ಶೆಡ್ಡಿನ ಹೊರಗಿನ ಕಂಬದ ಸ್ಪೀಕರು ಟಿಂಗ್ ಟಾಂಗ್ ಎಂದಿತು. ಆಮೇಲೆ ಎರಡ್ಸಲನದೇ ದನಿ, ತುಂಬು ದನಿ, ಯಾವುದಕ್ಕೂ ಅಂಜದ ದನಿ, ಎರಡನೇ ಪ್ಲಾಟ್‌ಫಾರ್ಮಿನ ಬೆಟ್ಟದೂರಿನ ಬಸ್ಸು ಹೊರಡಲು ಸಿದ್ಧವಾಗಿದೆಯೆಂದು ಹೇಳಿತು. ಅವನು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಅದು ಎರಡನೆಯ ಸಲ ಹೇಳುವುದನ್ನು ಕಾಯುತ್ತ ಕೂತ.